ತಿರುವಿನ ಹೊಲದ ಬಾಗಿಲು

ಹೊಸ ಬಾಗಿಲಿಗೆ ಎಣ್ಣೆ ತಿಕ್ಕುತ್ತಿದ್ದ ಕಲ್ಲಯ್ಯ, ಅಂಗಳದಲ್ಲಿ ಯಾರೋ ಕೆಮ್ಮಿದ್ದು ಕೇಳಿ ತಿರುಗಿದ. ಗಂಡ ಹೆಂಡತಿ ಇಬ್ಬರು ನಿಂತಿದ್ದರು. ಗಂಡಸಿನ ಹೆಗಲ ಮೇಲೆ ಬಿದಿರಿನ ಗಳ, ಹೆಂಗಸಿನ ಕೈಯಲ್ಲಿ ತೆಂಗಿನಕಾಯಿ ಮತ್ತು ಎಲೆಯಲ್ಲಿ ಸುತ್ತಿದ ಬೆಲ್ಲ.

"ನಾವು ಮ್ಯಾಲಿನವಾಡಿಯವ್ರು ರೀ. ನಾ ಪಾಂಡುರಂಗ, ಈಕಿ ನಮ್ಮಾಕಿ ಕೃಷ್ಣಾಬಾಯಿ. ಮಳಿಗಾಲದಾಗ ನಾವು ಹೊಳಿ ದಾಟೂ ಸಂಕದ ತೊಲಿ ತೇಲಿ ಹೋಗೇತಿ. ನಿಮ್ಮ ಹೊಲದಾಗ ಬಂದು ನಿಂತಿರಬೇಕು. ಎಲ್ಲೈತಿ ತೋರಿಸ್ರಿ, ನಾಳೆ ಮಂದಿ ಕರಕೊಂಡು ಬಂದು ಒಯ್ತೀವಿ."

ಕಲ್ಲಯ್ಯನ ಕೈ ಬಾಗಿಲ ಮೇಲೆಯೇ ನಿಂತಿತು. ತೊಲೆ ಬಂದಿತ್ತು. ನೆರೆ ಇಳಿದ ಮೇಲೆ ಹೊಲದಂಚಿನ ಮರಳಿನಲ್ಲಿ ಅರ್ಧ ಹೂತು ಮಲಗಿತ್ತು. ಮತ್ತಿ ಮರ, ತೆಕ್ಕೆ ತುಂಬುವಷ್ಟು ದಪ್ಪ. ಬೆಳಗಾವಿಯ ಖಾಸಬಾಗದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟು ತಲೆ ನೆರೆಸಿಕೊಂಡವನು ಒಳ್ಳೆಯ ಮರ ಕಂಡರೆ ಸುಮ್ಮನಿದ್ದಾನೆಯೇ? ಹೊಳೆ ಕೊಟ್ಟಿತು, ನಾನು ತೆಗೆದುಕೊಂಡೆ ಎಂದುಕೊಂಡು ಖಾನಾಪುರಕ್ಕೆ ಒಯ್ದು ಹಲಗೆ ಸೀಳಿಸಿದ. ಪರಿಚಯದ ಬಡಗಿಯನ್ನು ಖಾಸಬಾಗದಿಂದಲೇ ಕರೆಸಿದ. ಈಗ ಆ ತೊಲೆ ಅವನ ಬೆನ್ನ ಹಿಂದೆ ಬಾಗಿಲಾಗಿ ಮಿರಮಿರ ಮಿಂಚುತ್ತಿತ್ತು.

"ಇಲ್ರಿ," ಎಂದುಬಿಟ್ಟ. "ತೊಲಿ ಗಿಲಿ ಏನೂ ಬಂದಿಲ್ಲ."

ಅಂಗಡಿಯನ್ನು ತಮ್ಮನಿಗೆ ಬಿಟ್ಟು ಈ ಕಣಿವೆಗೆ ಬಂದು ವರ್ಷ ತುಂಬಿರಲಿಲ್ಲ. ಜನ ಇನ್ನೂ ಅವನನ್ನು 'ಬೆಳಗಾವಿ ಸಾವಕಾರ' ಎನ್ನುತ್ತಿದ್ದರು. ಅದು ಮರ್ಯಾದೆಯ ಮಾತಲ್ಲ, ದೂರ ಇಡುವ ಮಾತು ಎಂಬುದು ಅವನಿಗೆ ಗೊತ್ತಿತ್ತು. ಇವರಲ್ಲಿ ಒಬ್ಬನಾಗಬೇಕೆಂದು ಅವನಿಗೆ ಬಹಳ ಆಸೆ. ಕಳ್ಳ ಅನ್ನಿಸಿಕೊಂಡರೆ ಅಲ್ಲಿಗೆ ಎಲ್ಲ ಮುಗಿಯಿತು.

ಪಾಂಡುರಂಗನಿಗೆ ನಂಬಿಕೆ ಬರಲಿಲ್ಲ. ಅನುಮಾನ ಕಲ್ಲಯ್ಯನ ಮೇಲಲ್ಲ, ಹೊಳೆಯ ಮೇಲೆ. ಗಳದ ತುದಿಯಿಂದ ಅಂಗಳದ ಹಸಿ ಮಣ್ಣಿನಲ್ಲಿ ಗೆರೆ ಎಳೆದ. "ನಮ್ಮ ಫಣಸಿ ಹೊಳಿ ಇಲ್ಲಿ, ಗುಡ್ಡದ ನೆತ್ತಿ ಬಂಡಿಗಲ್ಲಿನಾಗ ಹುಟ್ಟತೈತಿ. ಜಿಗಕೋತ ನಮ್ಮ ವಾಡಿಗಿ ಇಳೀತೈತಿ. ಅಲ್ಲಿಂದ ಓಡಿದ್ದು ನಿಮ್ಮ ಹೊಲದಾಗ ಬಾಗಿ, ದಣದು, ಹೊತ್ತಿದ್ದೆಲ್ಲಾ ಇಳಿಸತೈತಿ. ಮುಂದ ಮಲಪ್ರಭಾ. ಇಲ್ಲಿ ನಿಲ್ಲಲಿಲ್ಲಂದ್ರ ತೊಲಿ ಹೋದಂಗs."

"ಹೊಸಾದು ಕಡಿಯಾಕ ಫಾರೆಸ್ಟದವ್ರು ಬಿಡಂಗಿಲ್ಲ," ಎಂದಳು ಕೃಷ್ಣಾಬಾಯಿ. "ಭತ್ತ ಕೊಯ್ಲಿಗಿ ಬಂದೈತಿ. ಗದ್ದಿ ಎಲ್ಲಾ ಆಚೀ ದಂಡಿಗಿ. ಸಂಕ ಇಲ್ಲಂದ್ರ ಭತ್ತದ ಸಿವುಡು ಹೊತಗೊಂಡು ಆ ಸೆಳವಿನಾಗ ಇಳೀಬೇಕು."

ಆಕೆ ಕಾಯಿ, ಬೆಲ್ಲವನ್ನು ಹೊಸ್ತಿಲ ಮೇಲಿಟ್ಟಳು. ಕಲ್ಲಯ್ಯ ಬೇಡವೆಂದು ಕೈಯಾಡಿಸಿದ.

"ಇರ್ಲಿ ತಗೋರಿ. ತಿರುವಿನ ಹೊಲದವ್ರು ಹೊಳಿ ತಂದಿದ್ದನ್ನ ಕಾಯತಾರ, ನಾವು ಕಾಯಿ ಬೆಲ್ಲ ಕೊಡತೀವಿ. ಅಜ್ಜಾರ ಕಾಲದಿಂದ ಹಿಂಗ ಐತಿ. ತೊಲಿ ಬರಲಿಲ್ಲಂದ್ರ ನಿಮ್ಮ ತಪ್ಪೇನು?"

ಇಬ್ಬರೂ ಹೊಳೆ ದಂಡೆ ಹಿಡಿದು ಹೊರಟರು. ಬೈದು ಹೋಗಿದ್ದರೆ ಕಲ್ಲಯ್ಯನಿಗೆ ಎಷ್ಟೋ ಹಗುರಾಗುತ್ತಿತ್ತು.

ಒಳಗಿನಿಂದ ಅವನ ಹೆಂಡತಿ ಬಸವಣ್ಣೆವ್ವ ಬಂದು ಕಾಯಿಯನ್ನು ಕೈಗೆತ್ತಿಕೊಂಡಳು. "ಒಡದು ಚಟ್ನಿ ಅರೀಲೇನು? ಗಂಟಲದಾಗ ಇಳೀತೈತಿ ಅಂದ್ರ ಹೇಳ್ರಿ."

"ನನಗ ಈ ಪದ್ಧತಿ ಯಾರೂ ಹೇಳಿದ್ದಿಲ್ಲ."

"ಈಗ ಹೇಳ್ಯಾರಲ್ಲ."

ಕಲ್ಲಯ್ಯನ ಮುಖ ಕೆಂಪಾಯಿತು. ಆಮೇಲೆ ಬರಿಗಾಲಲ್ಲೇ ಹೊಲದ ಬದುವಿಗೆ ಓಡಿ, "ಪಾಂಡುರಂಗಾ! ನಿಲ್ರಿ!" ಎಂದು ಕೂಗಿದ. ಅವರು ಹಿಂದಿರುಗಿ ಬರುವಷ್ಟರಲ್ಲಿ ಬಾಗಿಲಿನ ಬಿಜಾಗರಿಗಳ ಸ್ಕ್ರೂ ಬಿಚ್ಚತೊಡಗಿದ್ದ.

"ಇದ ನಿಮ್ಮ ತೊಲಿ," ಎಂದ, ಮುಖ ಎತ್ತದೆ. "ಗೊತ್ತಿಲ್ಲದ ಸೀಳಿಸಿದೆ. ಗೊತ್ತಾದ ಮ್ಯಾಲೆ ನಾಚಿಕಿಗಿ ಸುಳ್ಳ ಹೇಳಿದೆ. ಈ ಬಾಗಲಾನs ಸಂಕಕ್ಕ ಹಾಸ್ರಿ."

ಪಾಂಡುರಂಗ ಬಾಗಿಲನ್ನೂ ಅವನನ್ನೂ ನೋಡಿದ. ಮುಖ ಗಂಟಾಯಿತು. ಕೃಷ್ಣಾಬಾಯಿ ಹತ್ತಿರ ಬಂದು ಹಲಗೆಯ ಮೇಲೆ ಕೈಯಾಡಿಸಿದಳು. "ಅಗ ಬಾಯಿ! ನಮ್ಮ ತೊಲಿ ಎಷ್ಟ ಚಂದ ಆಗೇತಿ," ಎಂದು ನಕ್ಕುಬಿಟ್ಟಳು. ಪಾಂಡುರಂಗ ನಗಲಿಲ್ಲ. "ಚಂದ ಇದ್ರ ಏನಾತು? ಹೊಳ್ಯಾಗಿನ ಕೊರಕಲದ ಎರಡೂ ದಂಡಿಗಿ ಮುಟ್ಟಬೇಕಲ್ಲ," ಎಂದ.

ಬಾಗಿಲನ್ನು ಬಿದಿರಿಗೆ ಕಟ್ಟಿ ನಾಲ್ವರೂ ಹೊತ್ತರು. ಬಸವಣ್ಣೆವ್ವ ಸೆರಗು ಬಿಗಿದು ಮುಂದಿನ ತುದಿಗೇ ಹೆಗಲು ಕೊಟ್ಟಳು. ಈವರೆಗೆ ಕಲ್ಲಯ್ಯ ತನ್ನ ಹೊಲಕ್ಕಿಂತ ಮೇಲೆ ಹತ್ತಿದವನೇ ಅಲ್ಲ. ಮೇಲಕ್ಕೆ ಹೋದಂತೆ ಕಣಿವೆ ಇಕ್ಕಟ್ಟಾಯಿತು, ಮರಳು ಹೋಗಿ ಗುಂಡುಕಲ್ಲು ಬಂತು, ಅವನ ಹೊಲದ ಬಳಿ ಸದ್ದಿಲ್ಲದೆ ಹರಿಯುವ ನೀರು ಇಲ್ಲಿ ಎದುರಿಗಿದ್ದವರ ಮಾತೂ ಕೇಳದಂತೆ ಗದ್ದಲ ಹಾಕುತ್ತಿತ್ತು. ಅವನ ತಲೆಯಲ್ಲಿ ಒಂದೇ ಚಿಂತೆ. ಬಡಗಿ ತೊಲೆಯ ಎರಡೂ ತುದಿ ಕತ್ತರಿಸಿದ್ದ. ಮುಟ್ಟದಿದ್ದರೆ?

ಮೇಲಿನವಾಡಿಯ ಬಳಿ ಹೊಳೆಯ ನಡುವೆ ದೊಡ್ಡ ಬಂಡೆ. ಈಚೆ ದಡದಿಂದ ಅಲ್ಲಿಯವರೆಗೆ ಕಲ್ಲುಗಳ ಮೇಲೆ ಹೋಗಬಹುದು. ಬಂಡೆಯ ಆಚೆಗಿತ್ತು ಕೊರಕಲು, ನೀರೆಲ್ಲ ಒಟ್ಟಾಗಿ ನುಗ್ಗುವ ಜಾಗ. ಊರಿನವರು ಕೆಲವರು ಬಂದು ಕೈ ಹಾಕಿದರು. ಅಡಿಯಲ್ಲಿ ಎರಡು ಬಿದಿರು ಇಟ್ಟು ಬಾಗಿಲನ್ನು ಮೆಲ್ಲಗೆ ಜಾರಿಸಿದರು. ಕಲ್ಲಯ್ಯ ಕಣ್ಣು ಮುಚ್ಚಿಕೊಂಡ.

"ಕುಂತತ್ರೀ!" ಎಂದು ಪಾಂಡುರಂಗ ಕೂಗಿದ. ಬಂಡೆಯ ಮೇಲೆ ಗೇಣಷ್ಟು, ಆಚೆ ದಡದಲ್ಲಿ ಬರೀ ನಾಲ್ಕು ಬೆರಳು. ಆದರೂ ಕೂತಿತ್ತು. ಅಲುಗದಂತೆ ಹಗ್ಗ ಬಿಗಿದು, ಕಲ್ಲು ಹೇರಿದರು.

ಮೊದಲು ದಾಟಿದವಳು ಕೃಷ್ಣಾಬಾಯಿ. ಬಂಡೆಯ ಮೇಲೆ ಚಪ್ಪಲಿ ಬಿಟ್ಟು, ಬಾಗಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ನಡೆದಳು. ಆಚೆ ದಡದಲ್ಲಿ ನಿಂತು ತಿರುಗಿದಳು. ಹಿಂದೆ ಗದ್ದೆಗಳು ಹಳದಿಯಾಗಿದ್ದವು.

"ಕಲ್ಲಯ್ಯಾರ, ಅಲ್ಲೇ ಯಾಕ ನಿಂತ್ರಿ? ಬರ್ರಿ, ಒಳಗ ಬರ್ರಿ."

ಕಲ್ಲಯ್ಯ ಹೆಂಡತಿಯ ಮುಖ ನೋಡಿದ, ಆಮೇಲೆ ಬಲಗಾಲನ್ನು ಮುಂದಿಟ್ಟ. ಬಿಚ್ಚಲು ಮರೆತ ಚಿಲಕ ಬಾಗಿಲ ಅಡಿಯಲ್ಲಿ ಜೋತು, ಹರಿಯುವ ನೀರಿಗೆ ತಾಗಿ ಸಣ್ಣಗೆ ಸದ್ದು ಮಾಡುತ್ತಿತ್ತು.