ಹಾಸಿಗೆಯ ತಗ್ಗು

“ಓದುಬರಹ ಇಲ್ಲದವರನ್ನ ಒಳಗೆ ಬಿಟ್ರೆ ಹೀಗೇ ಆಗೋದು. ಕಲಾಕೃತಿನ ರಿಪೇರಿ ಮಾಡಿಟ್ಟಿದ್ದಾನೆ. ಹತ್ತಿ ಇರೋದು ಹಾಸಿಗೆಯೊಳಗಲ್ಲ, ಇವನ ತಲೆಯೊಳಗೆ.”

ಪ್ರದರ್ಶನದ ಮುಖ್ಯಸ್ಥರು ಹೀಗೆಂದದ್ದು ತುಂಬಿದ ಸಭಾಂಗಣದಲ್ಲಿ, ಎಲ್ಲರ ಮುಂದೆ. ನಮ್ಮ ಭಾಷೆ ಬಲ್ಲವರು ಆಗಲೇ ನಕ್ಕರು. ಹೊರದೇಶಗಳಿಂದ ಬಂದಿದ್ದ ಹುಡುಗ ಹುಡುಗಿಯರು ಪಕ್ಕದವರು ಅರ್ಥ ಹೇಳಿದ ಮೇಲೆ ನಕ್ಕರು. ಒಂದೇ ಮಾತಿಗೆ ಎರಡು ಸಲ ನನ್ನ ಮಾನ ಹೋಯಿತು. ನನ್ನ ತಂಗಿ ಮಾತ್ರ ನಗಲಿಲ್ಲ.

ಸ್ಕೂಲು ಅರ್ಧಕ್ಕೆ ಬಿಟ್ಟು ಹಾಸಿಗೆ ಅಂಗಡಿ ಸೇರಿದವನು ನಾನು. ಹತ್ತಿ ಬಡಿಯುವುದು, ತುಂಬುವುದು, ದಬ್ಬಣದಲ್ಲಿ ಹೊಲಿಯುವುದು. ಅಮ್ಮ ಸೊಂಟ ಮುರಿದು ಮಲಗಿದ್ದಾಗ ಅವಳ ಹಾಸಿಗೆಯನ್ನೂ ನಾನೇ ನೋಡಿಕೊಳ್ಳುತ್ತಿದ್ದೆ. “ತಗ್ಗು ಬಿತ್ತು ಕಣೋ, ಬೆನ್ನಿಗೆ ಹಲಗೆ ಒತ್ತುತ್ತೆ,” ಅನ್ನುವಳು. ತಂಗಿ ಅವಳನ್ನು ಒರಗಿಸಿಕೊಂಡು ಕೂತರೆ, ನಾನು ಹೊಲಿಗೆ ಬಿಚ್ಚಿ ಗಂಟುಗಟ್ಟಿದ ಹತ್ತಿಯನ್ನು ಬಿಡಿಸಿ ತುಂಬುತ್ತಿದ್ದೆ. ಕೊನೆಕೊನೆಗೆ ಮುಟ್ಟಿದರೆ ಸಾಕು ನರಳುತ್ತಿದ್ದಳು. ಹಾಗೇ ಬಿಟ್ಟೆವು. ಹೋದ ಮೇಲೆ ಅವಳ ಆಕಾರ ಹಾಸಿಗೆಯಲ್ಲಿ ಉಳಿಯಿತು. ಭುಜ, ಸೊಂಟ, ಮಡಚಿದ ಒಂದು ಮೊಣಕಾಲು.

ತಂಗಿ ಅದನ್ನೇ ಕಲಾಕೃತಿ ಎಂದು ಕಳಿಸಿದಳು. ಹಲವು ದೇಶಗಳ ಎಳೆಯ ಕಲಾವಿದರ ಕೆಲಸ ದೇಶದಿಂದ ದೇಶಕ್ಕೆ ಹೋಗುವ ಪ್ರದರ್ಶನ. ಆರಿಸಿದ್ದಾರೆಂದು ತಿಳಿದ ದಿನ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಾಸಿಗೆಯನ್ನು ಹೊತ್ತು ತಂದವನು ನಾನೇ. “ಇದು ಹೀಗೇ ಇರ್ಬೇಕು ಅಣ್ಣ, ಇದೇ ಇದರ ಕಥೆ,” ಎಂದು ಸಾರಿ ಸಾರಿ ಹೇಳಿದ್ದಳು. ನನಗೆ ಅರ್ಥವಾಗಿತ್ತು. ನಾನೇನು ಪೆದ್ದನಲ್ಲ.

ನಿನ್ನೆ ಮಧ್ಯಾಹ್ನ ದೀಪ ಜೋಡಿಸುತ್ತಿದ್ದ ಇಬ್ಬರು ಅದರ ಮೇಲೆ ಬಗ್ಗಿದರು. ಒಬ್ಬ ಸೊಂಟದ ತಗ್ಗಿಗೆ ಗೇಣು ಹಾಕಿ, “ಒಳ್ಳೇ ಗಟ್ಟಿ ಆಸಾಮಿ ಇರ್ಬೇಕು,” ಎಂದ. ಇನ್ನೊಬ್ಬ, “ಪಕ್ಕದಲ್ಲಿ ಮಲಗಿದವನ ಗತಿ ಏನೋ ಪಾಪ,” ಎಂದು ಕಿಸಕ್ಕನೆ ನಕ್ಕ. ಇಂಥ ಬಾಯಿಗಳು ಇನ್ನೆಷ್ಟು ದೇಶಗಳಲ್ಲಿ ಕಾದು ಕೂತಿವೆಯೋ ಅನ್ನಿಸಿ ಮೈ ಉರಿಯಿತು. ಅವರು ಊಟಕ್ಕೆ ಹೋದದ್ದೇ ತಡ, ಹೊಲಿಗೆ ಬಿಚ್ಚಿದೆ. ಬಿಡಿಸಿದೆ, ತುಂಬಿದೆ, ಹೊಲಿದೆ. ಹೊಸದಾಗಿ ಮದುವೆಯಾದವರಿಗೆ ಕೊಡಬಹುದಾದಂಥ ಹಾಸಿಗೆಯಾಯಿತು.

ಮುಖ್ಯಸ್ಥರು ತಂಗಿಯ ಕಡೆ ತಿರುಗಿದರು. “ಇದನ್ನ ಮನೆಗೆ ತಗೊಂಡ್ಹೋಗಮ್ಮ. ನಿನ್ನ ಜಾಗ ಬೇರೆಯವರಿಗೆ ಕೊಡ್ತೀವಿ.”

ಮಾತು ನಾಲಿಗೆಯ ತುದಿಗೆ ಬಂತು. ಆ ಇಬ್ಬರೂ ಅಲ್ಲೇ ಏಣಿಗೆ ಒರಗಿ ನಿಂತಿದ್ದರು. ಆದರೆ ನಾನು ಬಾಯಿ ಬಿಟ್ಟರೆ ಅಮ್ಮನ ಬಗ್ಗೆ ಅವರು ಆಡಿದ್ದು ತಂಗಿಯ ಕಿವಿಗೂ ಬೀಳುತ್ತಿತ್ತು. ನುಂಗಿಕೊಂಡೆ. ಪೆದ್ದ ಅಂತಲೇ ಇರಲಿ.

ಜನ ಚದುರಿದರು. ತಂಗಿ ಹಾಸಿಗೆಯ ಪಕ್ಕ ಕುಕ್ಕರಿಸಿ ಅಂಗೈಯಿಂದ ಒತ್ತಿದಳು. ಒತ್ತಿದಲ್ಲೆಲ್ಲ ಹತ್ತಿ ಮತ್ತೆ ಉಬ್ಬಿತು.

“ಪ್ರದರ್ಶನ ಹಾಳಾಗಿ ಹೋಗ್ಲಿ,” ಎಂದಳು ಮೆಲ್ಲಗೆ. “ಅಮ್ಮನ ತಲೆ ಯಾವ ಕಡೆ ಇತ್ತು ಅಣ್ಣ? ಈ ಕಡೆನಾ, ಆ ಕಡೆನಾ?”

ಎರಡೂ ತುದಿ ನೋಡಿದೆ. ಎರಡೂ ಒಂದೇ ಥರ ಉಬ್ಬಿದ್ದವು. ಆಮೇಲೆ ಬಾಗಿಲ ಕಡೆ ನಡೆದೆ.