ಮಲಗಗೊಡದ ಮಂಚ

ನಾನೊಂದು ಕಬ್ಬಿಣದ ಮಂಚ. ಹುಟ್ಟಿದ್ದು ದಾವಣಗೆರೆಯ ಒಂದು ವೆಲ್ಡಿಂಗ್ ಶಾಪಿನಲ್ಲಿ. ಹಸಿರು ಬಣ್ಣ ಒಣಗುವ ಮೊದಲೇ ಒಬ್ಬ ಯಜಮಾನರು ಬಂದು, ಮಗಳು ಮಹಾನಂದಳ ಮದುವೆಗೆಂದು ನನ್ನನ್ನು ಕೊಂಡರು. ಬೀರುವಿನ ಜೊತೆ ಟೆಂಪೋ ಏರಿ ಗಂಡನ ಮನೆಗೆ ಬಂದೆ. ಆಗಿನ ನನ್ನ ಗತ್ತು ಏನು ಕೇಳ್ತೀರಿ!

ಗಂಡ ಓಂಕಾರಪ್ಪ ದರ್ಜಿ. ಜಂಪರ್ ಹೊಲಿದರೆ ಓಣಿಯ ಹೆಂಗಸರೆಲ್ಲ ಮೆಚ್ಚಬೇಕು, ಅಂಥ ಕೈ. ಆದರೆ ಕುಡಿತ ಹತ್ತಿಕೊಂಡಿತ್ತು. ಬರಬರುತ್ತ ಬೆಳಗ್ಗೆಯೂ ಕುಡಿಯದಿದ್ದರೆ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಕೊನೆಗೆ ತಾನಾಗಿಯೇ ಬಿಟ್ಟ. ಬಿಟ್ಟಿದ್ದೇ ತಡ, ನಿದ್ದೆಯೂ ಹೋಯಿತು. ಬೆವರುತ್ತಿದ್ದ, ನಡುಗುತ್ತಿದ್ದ, ಗೋಡೆ ತುಂಬ ಹುಳ ಹರೀತಿವೆ ಅಂತ ಚೀರುತ್ತಿದ್ದ.

ಮಹಾನಂದ ಡಾಕ್ಟರಮ್ಮನ ಹತ್ತಿರ ಕರೆದೊಯ್ದಳು. ಅವರು ಮಾತ್ರೆ ಕೊಟ್ಟು, "ನಡುವೆ ನೀವೇ ನಿಲ್ಲಿಸಬೇಡಿ, ಫಿಟ್ಸ್ ಬರುತ್ತೆ. ಸ್ವಲ್ಪ ಸ್ವಲ್ಪವಾಗಿ ನಾನೇ ಕಡಿಮೆ ಮಾಡ್ತೀನಿ" ಅಂದರಂತೆ. ಮಾತ್ರೆ ನುಂಗಿ ಅವನು ನನ್ನ ಮೇಲೆ ಗೊರಕೆ ಹೊಡೆದ. ಆ ಗೊರಕೆ ಕೇಳಿ ಮಹಾನಂದ ನನ್ನ ಕಾಲಿಗೊರಗಿ ಸಮಾಧಾನದಿಂದ ಅತ್ತಳು. ನನಗೂ ಹೊಟ್ಟೆ ತಣ್ಣಗಾಯಿತು.

ಅಷ್ಟರಲ್ಲಿ ವಕ್ಕರಿಸಿದ ನೋಡಿ, ಓಂಕಾರಪ್ಪನ ಅಣ್ಣ ಸಿದ್ರಾಮಪ್ಪ!

"ಹಾಡಹಗಲೇ ಎಂಥಾ ನಿದ್ದೆನೋ ಇದು? ಬಾಟ್ಲಿ ಬಿಡಿಸಿ ಮಾತ್ರೆ ಅಮಲು ಹಿಡಿಸ್ಯಾರೆ. ಮಾಲೆ ಹಾಕಿಸ್ತೀನಿ, ದೇವರೇ ಬಿಡಿಸ್ತಾನೆ."

ಮಾಲೆ ಹಾಕಿದವರು ಮಂಚದ ಮೇಲೆ ಮಲಗುವಂತಿಲ್ಲ. ಇರಲಿ, ವ್ರತಕ್ಕೆ ನನ್ನ ತಕರಾರಿಲ್ಲ. ಅವನಿಗೆ ಮಾಲೆ ಹಾಕಿದ ಗುರುಸ್ವಾಮಿಯೇ "ಔಷಧಿ ತಗೊಳ್ಳಪ್ಪ, ದೇವರು ಬೇಡ ಅನ್ನಲ್ಲ" ಅಂದರು. ಸಿದ್ರಾಮಪ್ಪ ಕೇಳಬೇಕಲ್ಲ! ಅಮಲಿನ ಪದಾರ್ಥ ವ್ರತಕ್ಕೆ ಮೈಲಿಗೆ ಅಂತ ಮಾತ್ರೆಯನ್ನೆಲ್ಲ ಚರಂಡಿಗೆ ಎಸೆದ. ಭಾವನ ಮುಂದೆ ತಲೆ ಎತ್ತಿ ಗೊತ್ತಿಲ್ಲದ ಮಹಾನಂದ ಸೆರಗು ಬಾಯಿಗಿಟ್ಟು ನಿಂತಳು. ನನಗೆ ಮೈಯೆಲ್ಲ ಉರಿದುಹೋಯಿತು. ಕಾಲು ನಾಲ್ಕಿದ್ದು ಏನು ಬಂತು, ಒದೆಯೋಕೆ ಬರಲ್ಲವಲ್ಲ!

ಓಂಕಾರಪ್ಪ ನನ್ನ ಪಕ್ಕದಲ್ಲೇ ಚಾಪೆಯ ಮೇಲೆ ಹೊರಳಾಡಿದ. ಕಣ್ಣು ಕೆಂಡವಾಗಿತ್ತು, ರೆಪ್ಪೆ ಮಾತ್ರ ಕೂಡಲಿಲ್ಲ. "ಅಣ್ಣ, ಒಂದೇ ಒಂದು ಮಾತ್ರೆ ತಂದ್ಕೊಡೋ, ಸಾಕು" ಅಂತ ಗೋಗರೆದ. "ತಡಕೋ, ಗಂಡಸಲ್ವೇನೋ?" ಅಂದ ಆ ಮಹಾನುಭಾವ. ಒಂದು ಬೆಳಗ್ಗೆ ತಣ್ಣೀರು ಸ್ನಾನಕ್ಕೆ ಎದ್ದವನಿಗೆ ಫಿಟ್ಸ್ ಬಂತು. ಬಿದ್ದ. ಮತ್ತೆ ಏಳಲಿಲ್ಲ.

ಹನ್ನೆರಡನೇ ದಿನದ ಕಾರ್ಯ ಮುಗಿಯುತ್ತಲೇ ಸಾವಿನ ಮನೆಯ ಮಂಚ ಬೇಡವೆಂದು ನನ್ನನ್ನು ಗುಜರಿಗೆ ಹಾಕಿದರು. ಪಾಪ, ಮಲಗಲಾದರೂ ಬಿಟ್ಟರೇ ಅವನನ್ನು ನನ್ನ ಮೇಲೆ? ತೂಕದ ಹತ್ತಿರ ಸಿದ್ರಾಮಪ್ಪ ಗುಜರಿಯವನಿಗೆ ಹೇಳಿದ: "ಕುಡುಕನ ಮಂಚ ಕಣಯ್ಯ. ನನ್ನ ತಮ್ಮ, ಕುಡಿದೂ ಕುಡಿದೂ ಸತ್ತ."

ಹಿಂದೆ ನಿಂತಿದ್ದ ಮಹಾನಂದ ಬಾಯಿಗಿಟ್ಟ ಸೆರಗನ್ನು ಕೆಳಗೆ ಬಿಟ್ಟಳು.

"ಕುಡಿದು ಸಾಯಲಿಲ್ಲ, ಭಾವ. ಕುಡಿಯೋದು ಬಿಟ್ಟಿದ್ರು. ನಿದ್ದೆ ಕೇಳಿದ್ರು, ನೀವು ಕೊಡ್ಲಿಲ್ಲ."

ಗುಜರಿಯವನು ತಕ್ಕಡಿ ಹಿಡಿದು ಹಾಗೇ ನಿಂತ. ಸಿದ್ರಾಮಪ್ಪ ದುಡ್ಡಿಗೆ ಚಾಚಿದ್ದ ಕೈ ಹಿಂದೆಳೆದುಕೊಂಡ.