ಅರ್ಧ ಮುಚ್ಚಳ

ನಾನು ಒಂದು ಅಳತೆಯ ಮುಚ್ಚಳ. ಕೆಮ್ಮಿನ ಔಷಧದ ಸೀಸೆಯ ತಲೆಯ ಮೇಲೆ ಟೋಪಿಯಂತೆ ಕೂರುವ ಪುಟ್ಟ ಪ್ಲಾಸ್ಟಿಕ್ ಮುಚ್ಚಳ. ಕಾದ ಅಚ್ಚಿನಿಂದ ಉದುರುವಾಗಲೇ ನನ್ನ ಮೈಮೇಲೆ ಗೆರೆಗಳಿದ್ದವು. ಯಾರಿಗೆ ಎಷ್ಟು ಬೇಕೋ ಅಷ್ಟೇ ಕೊಡುವುದು ನನ್ನ ಕೆಲಸವೆಂದು ನಂಬಿ, ಬಾಗಲಕೋಟೆ ಕಡೆಯ ನೇಕಾರರ ಊರೊಂದರ ಔಷಧದ ಅಂಗಡಿಗೆ ಬಂದೆ.

ನನ್ನನ್ನು ಕೊಂಡೊಯ್ದವಳು ಸಂಗವ್ವ. ಕೈಮಗ್ಗದಲ್ಲಿ ಕುಬಸದ ಖಣ ನೇಯುವವಳು. ಅವಳ ಕೂಸು ಮಾಂತೇಶನಿಗೆ ಕೆಮ್ಮು. ಅಂಗಡಿಯವನು ಡಬ್ಬಿಯ ಮೇಲೆ 1/2 ಎಂದು ಗೀಚಿ ಮುಂದಿನ ಗಿರಾಕಿಯ ಕಡೆ ತಿರುಗಿದ. ಸಂಗವ್ವನಿಗೆ ಓದು ಬಾರದು. ಮನೆಯಲ್ಲಿ ಓದಬಲ್ಲವಳು ನಾಲ್ಕನೇ ಇಯತ್ತೆಯ ಮಗಳು ಗುರುಬಸವ್ವ ಒಬ್ಬಳೇ.

“ಏನ್ ಬರದಾನ ನೋಡವಾ.”

ಹುಡುಗಿ ಡಬ್ಬಿಯನ್ನು ಬೆಳಕಿಗೆ ಹಿಡಿದಳು. “ಒಂದು, ಎರಡು ಅಂತ ಐತಿ ಯವ್ವಾ. ಒಂದ ಇಲ್ಲಾ ಎರಡ ಮುಚ್ಚಳ ಇರಬೇಕು.”

“ಕೂಸು ಭಾಳ ಕೆಮ್ಮತೈತಿ. ಎರಡ ಹಾಕೂಣು.”

ಸಂಗವ್ವ ನನ್ನನ್ನು ಅಂಚಿನವರೆಗೆ ತುಂಬಿದಳು. ಮತ್ತೊಮ್ಮೆ ತುಂಬಿದಳು. ಸಂಜೆಯೂ ಹಾಗೇ. ಕೂಸು ಗಾಢ ನಿದ್ದೆಗೆ ಜಾರಿತು. ಕೆಮ್ಮು ನಿಂತಿತೆಂದು ತಾಯಿ ಸಮಾಧಾನದಿಂದ ಮಗ್ಗಕ್ಕೆ ಕೂತಳು. ಬೆಳಿಗ್ಗೆ ತೊಟ್ಟಿಲಿಗೆ ಕೈ ಹಾಕಿದಾಗ ಕೂಸಿನ ಮೈ ತಣ್ಣಗಿತ್ತು. ಕಫ ಎದೆಗೆ ಹತ್ತಿತ್ತು ಎಂದರು ಓಣಿಯ ಜನ. ಅವಳು ಅದನ್ನೇ ನಂಬಿದಳು.

ಕೆಲವು ವಾರಗಳ ಮೇಲೆ ಗುರುಬಸವ್ವ ಶಾಲೆಯಿಂದ ಏದುಸಿರು ಬಿಡುತ್ತ ಓಡಿ ಬಂದು, ನನ್ನನ್ನು ಮುಷ್ಟಿಯಲ್ಲಿ ಹಿಡಿದು ಮತ್ತೆ ಶಾಲೆಗೇ ಓಡಿದಳು. ಅಲ್ಲಿ ಕರಿಸಿದ್ದಪ್ಪ ಮಾಸ್ತರರು ಅಂದೇ ಭಿನ್ನರಾಶಿ ಶುರುಮಾಡಿದ್ದರು. ಹಲಗೆಯ ಮೇಲೆ ಲೆಕ್ಕವಿತ್ತು: ಕೊಡದ ನೀರಿನಲ್ಲಿ 1/2 ಭಾಗ ಖರ್ಚಾದರೆ ಉಳಿದದ್ದೆಷ್ಟು?

“ಸರ್, ಹಲಗಿ ಮ್ಯಾಲಿಂದಕ್ಕ ಅರ್ಧ ಅಂದ್ರಲ್ಲಾ, ಇದರಾಗ ಅರ್ಧ ತೋರಸ್ರಿ.”

ಮಾಸ್ತರರು ನಗುತ್ತ ನನ್ನಲ್ಲಿ ನಡುಗೆರೆಯವರೆಗೆ ನೀರು ಹಾಕಿದರು. ಅವಳು ಅದನ್ನು ಲೋಟಕ್ಕೆ ಸುರಿದಳು. ಮತ್ತೆ ಅರ್ಧ ತುಂಬಿದಳು, ಸುರಿದಳು. ಮತ್ತೆ, ಮತ್ತೆ.

“ಎರಡ ಮುಚ್ಚಳ ಅಂದ್ರ ಅರ್ಧದ ನಾಕ ಪಟ್ಟ ಆತಲ್ರೀ?”

“ಶಾಣ್ಯಾಕಿ! ಶೇಕಡಾ ಲೆಕ್ಕದಾಗ ಅದಕ್ಕ ನಾಕನೂರು...” ಎನ್ನುತ್ತ ಮಾಸ್ತರರು ಅವಳ ಮುಖ ನೋಡಿ ನಿಲ್ಲಿಸಿದರು.

“ನಮ್ಮ ಮಾಂತ್ಯಾಗ ಎರಡ ಹಾಕಿದ್ವಿರೀ. ನಾನ ಓದಿ ಹೇಳಿದ್ದೆ.”

ಮಕ್ಕಳನ್ನು ಹೊರಗೆ ಕಳಿಸಿ ಅವರು ಅವಳ ಪಕ್ಕ ನೆಲದ ಮೇಲೆ ಕೂತರು. “ತಪ್ಪು ನಿಂದಲ್ಲ ನನ್ನವ್ವಾ. ಬರದಾಂವ ಬಾಯಿಬಿಟ್ಟು ಹೇಳಬೇಕಿತ್ತು.”

“ಅವ್ವಗ ಹೇಳಬ್ಯಾಡ್ರೀ.”

ಆಮೇಲೆ ಅವಳು ಶಾಲೆಗೆ ಬರಲಿಲ್ಲ. ಮಾಸ್ತರರು ಎರಡು ಸಲ ಕರೆಯಲು ಹೋಗಿ ಬರಿಗೈಲಿ ಬಂದರು. ನಾನು ಅವರ ಮೇಜಿನಲ್ಲಿ ಉಳಿದೆ. ಪ್ರತಿ ವರ್ಷ ಲೆಕ್ಕದ ಪುಸ್ತಕ ತೆರೆಯುವ ಮೊದಲು ಒಂದೊಂದು ಮಗುವಿನ ಕೈಯಲ್ಲೂ ನನ್ನೊಳಗೆ ಅರ್ಧ, ಕಾಲು, ಮುಕ್ಕಾಲು ನೀರು ಹಾಕಿಸುತ್ತಿದ್ದರು. ತಪ್ಪಿದವರಿಗೆ ಬೈಯದೆ ಇನ್ನೊಮ್ಮೆ ಹಾಕಿಸುತ್ತಿದ್ದರು.

ಒಂದು ದಿನ ಸಂಗವ್ವ ಬಂದಳು. “ನಮ್ಮ ಕೂಸಿನ ಮುಚ್ಚಳ ನಿಮ್ಮ ಕಡೆ ಐತಂತಲ್ರೀ ಮಾಸ್ತರ. ಕಡೀ ಗುಟುಕು ಅದರಾಗ ಕುಡದಿತ್ತು. ಕೊಡ್ರೀ.”

ಮಾಸ್ತರರು ನನ್ನನ್ನು ಮೇಜಿನಿಂದ ತೆಗೆದು ಒರೆಸಿದರು. ಕೊಟ್ಟರು.

ಈಗ ನಾನು ಗೋಡೆಯ ಗೂಡಿನಲ್ಲಿದ್ದೇನೆ. ಸಂಗವ್ವ ದಿನಾ ಒರೆಸಿ, ಹೂವಿಟ್ಟು ಕೈಮುಗಿಯುತ್ತಾಳೆ. ಗುರುಬಸವ್ವ ನನಗೆ ಬೆನ್ನು ತಿರುಗಿಸಿ ಮಗ್ಗ ನಡೆಸುತ್ತಾಳೆ. ಒರೆಸಿ ಒರೆಸಿ ನನ್ನ ಗೆರೆಗಳು ಮಾಸಿವೆ. ಅರ್ಧ ಎಲ್ಲಿಗೆ ಬರುತ್ತದೆಂದು ಈಗ ಯಾರೂ ಹೇಳಲಾರರು, ಈ ಮನೆಯಲ್ಲಿ ಗುರುಬಸವ್ವ ಒಬ್ಬಳ ಹೊರತು.